ಟಿಕೆಟ್‌ದಾರರಿಗೆ ಇಲ್ಲದ ವಿಮಾನ ಚಾರ್ಟರ್‌ಗೆ ಎಲ್ಲಿಂದ ಬರುತ್ತದೆ?

ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣದಿಂದ ಯಾವುದಾದರೂ ಊರಿನ ವಿಮಾನ ನಿಂತಾಗ ಸಾಮಾನ್ಯವಾಗಿ ಸಿಗುವ ಕಾರಣ ಒಂದೇ: ವಿಮಾನಗಳ ಕೊರತೆ. ಅದೇ ಹೊತ್ತಿಗೆ ಸಣ್ಣ ವಿಮಾನಯಾನ ಕಂಪನಿಗಳು ‘ಚಾರ್ಟರ್‌ಗೆ, ಅಂದರೆ ಒಂದು ಪ್ರಯಾಣದ ಬಾಡಿಗೆಗೆ, ಇಡೀ ವಿಮಾನ ಸಿಗುತ್ತದೆ, ಲೀಸ್‌ಗೂ ಕೊಡುತ್ತೇವೆ’ ಎಂದು ಪ್ರಚಾರ ಮಾಡುತ್ತಿರುತ್ತವೆ. ದುಡ್ಡು ಕೊಟ್ಟು ಟಿಕೆಟ್ ತೆಗೆದವರಿಗೆ ಇಲ್ಲದ ವಿಮಾನ ಮದುವೆ ದಿಬ್ಬಣಕ್ಕೆ ಎಲ್ಲಿಂದ ಬಂತು ಎಂದು ಜನ ಕೇಳುವುದರಲ್ಲಿ ತಪ್ಪೇನಿಲ್ಲ.

2025ರ ಡಿಸೆಂಬರ್ ಮೊದಲ ವಾರ ಈ ಗೊಂದಲ ಇನ್ನಷ್ಟು ಹೆಚ್ಚಿತು. ಇಂಡಿಗೊ ಸಾವಿರಾರು ಹಾರಾಟಗಳನ್ನು ರದ್ದು ಮಾಡಿದಾಗ ಭುವನೇಶ್ವರದಲ್ಲಿ ಸಿಕ್ಕಿಬಿದ್ದ ನವದಂಪತಿ, ಹುಬ್ಬಳ್ಳಿಯಲ್ಲಿ ನಡೆದ ತಮ್ಮದೇ ಆರತಕ್ಷತೆಗೆ ಪರದೆಯ ಮೇಲೆ ಹಾಜರಾದರು. ಅಂದು ವಿಮಾನಗಳೇನೋ ಇದ್ದವು. ಸಾಲದೇ ಹೋದದ್ದು ಪಾಳಿಗೆ ಹಾಕಲು ಪೈಲಟ್‌ಗಳು. ಹೊಸ ನಿಯಮದಲ್ಲಿ ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತ್ತು, ವಾರಕ್ಕೆ ರಾತ್ರಿ ಇಳಿಯುವಿಕೆ ಆರರಿಂದ ಎರಡಕ್ಕೆ ಇಳಿದಿತ್ತು. ವಿಮಾನ ಇದೆ ಎನ್ನುವುದಕ್ಕೂ ಹಾರಾಟ ಇದೆ ಎನ್ನುವುದಕ್ಕೂ ನಡುವೆ ಪೈಲಟ್, ಬಾಡಿಗೆ, ಬಿಡಿಭಾಗ, ಪರವಾನಗಿ ಎಂಬ ನಾಲ್ಕು ಬಾಗಿಲುಗಳಿವೆ. ಲೀಸ್ ಮತ್ತು ಚಾರ್ಟರ್‌ನ ಲೆಕ್ಕ ಅರ್ಥವಾಗಬೇಕಾದರೆ ಈ ನಾಲ್ಕನ್ನೂ ತೆರೆದು ನೋಡಬೇಕು.

ಲಾವಣಿ ಬೇರೆ, ಕಟಾವು ಯಂತ್ರ ಬೇರೆ

ಮೊದಲು ಪದದ ತೊಡಕು ಬಿಡಿಸಿಕೊಳ್ಳೋಣ. ನಮ್ಮಲ್ಲಿ ಮನೆ ‘ಲೀಸ್’ ಎಂದರೆ ಒಂದೇ ಗಂಟು ಕೊಟ್ಟು ಎರಡು–ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು. ವಿಮಾನದ ಲೀಸ್ ಹಾಗಲ್ಲ, ಅದು ತಿಂಗಳ ಬಾಡಿಗೆ. ಅದರಲ್ಲಿ ಮುಖ್ಯವಾಗಿ ಎರಡು ಬಗೆ.

ಹೊಲವನ್ನು ಲಾವಣಿಗೆ ಹಾಕಿದರೆ ಭೂಮಿ ಮಾತ್ರ ಮಾಲೀಕನದು. ಬಿತ್ತನೆ, ಆಳು, ಗೊಬ್ಬರ, ನಷ್ಟ ಎಲ್ಲವೂ ಲಾವಣಿ ಹಿಡಿದವನ ಪಾಲು. ಡ್ರೈ ಲೀಸ್ ಇದೇ ರೀತಿಯದು. ಲೀಸ್ ಕಂಪನಿ ಬರೀ ವಿಮಾನ ಕೊಡುತ್ತದೆ. ಪೈಲಟ್, ಎಂಜಿನಿಯರ್, ವಿಮೆ, ಇಂಧನ ಎಲ್ಲವನ್ನೂ ಪಡೆದವರೇ ನೋಡಿಕೊಳ್ಳಬೇಕು. ವಿಮಾನ ಭಾರತದಲ್ಲಿ ‘ವಿಟಿ’ ಅಕ್ಷರದಿಂದ ಶುರುವಾಗುವ ನೋಂದಣಿ ಪಡೆದು, ಇಲ್ಲಿನ ಕಂಪನಿಯ ಪರವಾನಗಿಯಡಿ ಹಾರುತ್ತದೆ. ಅವಧಿ ಸಾಮಾನ್ಯವಾಗಿ ಹಲವು ವರ್ಷ.

ಸುಗ್ಗಿಯಲ್ಲಿ ಹೊರ ರಾಜ್ಯಗಳಿಂದ ಬರುವ ಕಟಾವು ಯಂತ್ರದ ರೀತಿ ಬೇರೆ. ಡ್ರೈವರ್ ಅವರವನೇ, ರಿಪೇರಿ ಅವರದೇ, ನಾವು ಗಂಟೆ ಲೆಕ್ಕದಲ್ಲಿ ಹಣ ಎಣಿಸುತ್ತೇವೆ. ವೆಟ್ ಲೀಸ್ ಎಂದರೆ ಇದು. ವಿಮಾನ, ಸಿಬ್ಬಂದಿ, ನಿರ್ವಹಣೆ, ವಿಮೆ ನಾಲ್ಕೂ ಕೊಡುವವರವು. ಇಂಧನ, ನಿಲ್ದಾಣ ಶುಲ್ಕ, ಟಿಕೆಟ್ ಮಾರಾಟ ಪಡೆಯುವವರ ಹೊಣೆ. ಪೈಲಟ್‌ಗಳನ್ನು ಕೊಟ್ಟು, ಕ್ಯಾಬಿನ್ ಸಿಬ್ಬಂದಿಯನ್ನು ಪಡೆಯುವವರಿಗೆ ಬಿಟ್ಟರೆ ಅದಕ್ಕೆ ಡ್ಯಾಂಪ್ ಲೀಸ್ ಎನ್ನುತ್ತಾರೆ. ಇಂಡಿಗೊ ಟರ್ಕಿಶ್ ಏರ್‌ಲೈನ್ಸ್‌ನಿಂದ ತಂದ ಎರಡು ಬೋಯಿಂಗ್ 777 ವಿಮಾನಗಳ ಬಗ್ಗೆ 2025ರಲ್ಲಿ ಎದ್ದ ವಿವಾದ ಇಂಥದ್ದೇ ಒಪ್ಪಂದದ್ದು.

ಚಾರ್ಟರ್ ಇವೆರಡಕ್ಕಿಂತ ಚಿಕ್ಕದು. ಒಂದು ದಿನಕ್ಕೋ ಒಂದು ಪ್ರಯಾಣಕ್ಕೋ ಇಡೀ ವಿಮಾನ ಹಿಡಿಯುವುದು. ಮದುವೆಗೆ ಬಸ್ ಹಿಡಿದ ಹಾಗೆ.

ಪ್ರಾದೇಶಿಕ ಕಂಪನಿಯೊಂದು ‘ಲೀಸ್‌ಗೆ ಕೊಡುತ್ತೇವೆ’ ಎಂದಾಗ ಆ ವಿಮಾನ ಅದರ ಸ್ವಂತದ್ದೇ ಆಗಿರಬೇಕಿಲ್ಲ. ಬಹಳ ಸಲ ಅದು ಡ್ರೈ ಲೀಸ್‌ನಲ್ಲಿ ತಂದದ್ದನ್ನೇ, ಮೂಲ ಮಾಲೀಕರ ಮತ್ತು ವಿಮಾನಯಾನ ನಿಯಂತ್ರಕ ಡಿಜಿಸಿಎಯ ಒಪ್ಪಿಗೆ ಪಡೆದು, ವೆಟ್ ಲೀಸ್‌ನಲ್ಲಿ ಮುಂದಕ್ಕೆ ಕೊಡುತ್ತದೆ. ಲಾವಣಿ ಹಿಡಿದವ ಒಂದು ಮೂಲೆಯನ್ನು ಇನ್ನೊಬ್ಬರಿಗೆ ಕೊಟ್ಟಂತೆ.

ಬಾಡಿಗೆ ತಿಂಗಳಿಗೆ, ಗಳಿಕೆ ಗಂಟೆಗೆ

ಇಡೀ ವ್ಯವಹಾರದ ಬೇರು ಇಲ್ಲಿದೆ. ವಿಮಾನ ಹಾರಲಿ ಬಿಡಲಿ, ತಿಂಗಳ ಬಾಡಿಗೆ ಕಟ್ಟಲೇಬೇಕು, ಅದೂ ಡಾಲರ್‌ನಲ್ಲಿ. ಟಿಕೆಟ್ ಹಣ ಬರುವುದು ರೂಪಾಯಿಯಲ್ಲಿ, ಹಾರಿದ ಗಂಟೆಗಳಿಂದ ಮಾತ್ರ.

ಲೆಕ್ಕ ತಿಳಿಯಲೆಂದು ಒಂದು ಕಲ್ಪಿತ ಅಂಕಿ ಇಟ್ಟುಕೊಳ್ಳಿ: ಬಾಡಿಗೆ ತಿಂಗಳಿಗೆ 60 ಲಕ್ಷ ರೂಪಾಯಿ. ದಿನಕ್ಕೆ 8 ಗಂಟೆಯಂತೆ ತಿಂಗಳಲ್ಲಿ 240 ಗಂಟೆ ಹಾರಿದರೆ ಗಂಟೆಯೊಂದಕ್ಕೆ 25,000 ರೂಪಾಯಿ ಬಾಡಿಗೆ ಬೀಳುತ್ತದೆ. 120 ಗಂಟೆ ಮಾತ್ರ ಹಾರಿದರೆ 50,000. ಐವತ್ತು ಆಸನದ ವಿಮಾನದಲ್ಲಿ 35 ಜನ ಕೂತಿದ್ದರೆ, ಒಂದು ಗಂಟೆಯ ಹಾರಾಟದಲ್ಲಿ ತಲೆಗೆ 700 ರೂಪಾಯಿ ಇದ್ದದ್ದು 1,400ಕ್ಕಿಂತ ಹೆಚ್ಚಾಯಿತು. ಇಂಧನ, ಸಂಬಳ, ನಿಲ್ದಾಣ ಶುಲ್ಕ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಪ್ರಾದೇಶಿಕ ಮಾರ್ಗಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಆಸನ ತುಂಬುತ್ತವೆ, ಮಧ್ಯಾಹ್ನ ಖಾಲಿ. ಮಂಗಳವಾರ, ಬುಧವಾರ ಮಂದ. ಈ ಖಾಲಿ ಗಂಟೆಗಳನ್ನು ಮಾರಿದರೆ ಅದರಿಂದ ಬರುವ ಹಣ ನೇರವಾಗಿ ಬಾಡಿಗೆಯ ಭಾರ ಇಳಿಸುತ್ತದೆ. ಚಾರ್ಟರ್‌ನಲ್ಲಿ ಹಣ ಮುಂಗಡ ಸಿಗುತ್ತದೆ, ಆಸನ ತುಂಬಿತೋ ಇಲ್ಲವೋ ಎಂಬ ಚಿಂತೆ ಗಿರಾಕಿಯದು. ವೆಟ್ ಲೀಸ್‌ನಲ್ಲಿ ಇನ್ನೂ ನೆಮ್ಮದಿ: ತಿಂಗಳಿಗೆ ಇಷ್ಟು ಗಂಟೆ ಕನಿಷ್ಠ ಖಾತ್ರಿ ಎಂದು ಬರೆಸಿಕೊಳ್ಳುತ್ತಾರೆ, ಹಾರಿಸದಿದ್ದರೂ ಆ ಗಂಟೆಗಳ ಹಣ ಬರುತ್ತದೆ.

ಹೀಗಾಗಿ ಚಾರ್ಟರ್ ಎಂದರೆ ಪ್ರಯಾಣಿಕರಿಂದ ಕಸಿದ ವಿಮಾನ ಎಂದು ಸಾರಾಸಗಟಾಗಿ ಹೇಳಲಾಗದು. ಕ್ಯಾಪ್ಟನ್ ಗೋಪಿನಾಥ್ 1997ರಲ್ಲಿ ಶುರು ಮಾಡಿದ್ದು ಚಾರ್ಟರ್ ಹೆಲಿಕಾಪ್ಟರ್ ಕಂಪನಿಯನ್ನೇ. ಅಗ್ಗದ ಟಿಕೆಟ್‌ನ ಏರ್ ಡೆಕ್ಕನ್ 2003ರಲ್ಲಿ ಅದರ ಬೆನ್ನಿಗೆ ಬಂತು.

ಸಣ್ಣ ಮಾರ್ಗ ವಿಮಾನವನ್ನು ಬೇಗ ಸವೆಸುತ್ತದೆ

ಲೀಸ್ ಒಪ್ಪಂದದಲ್ಲಿ ಬಾಡಿಗೆಯಷ್ಟೇ ಭಾರವಾದ ಇನ್ನೊಂದು ಬಾಬ್ತು ಇದೆ, ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ: ನಿರ್ವಹಣಾ ಮೀಸಲು. ಎಂಜಿನ್, ಲ್ಯಾಂಡಿಂಗ್ ಗೇರ್, ಬಾಲದಲ್ಲಿರುವ ಸಹಾಯಕ ಎಂಜಿನ್, ವಿಮಾನದ ಒಡಲು, ಇವುಗಳ ಮುಂದಿನ ದೊಡ್ಡ ಸರ್ವಿಸಿಗಾಗಿ ಪ್ರತಿ ತಿಂಗಳೂ ಹಾರಿದ ಲೆಕ್ಕದ ಮೇಲೆ ಹಣ ತೆಗೆದಿಡಬೇಕು. ಜತೆಗೆ ಎರಡು–ಮೂರು ತಿಂಗಳ ಬಾಡಿಗೆಯಷ್ಟು ಠೇವಣಿ.

ಈ ಲೆಕ್ಕ ಗಂಟೆಯಲ್ಲಷ್ಟೇ ಅಲ್ಲ, ‘ಸೈಕಲ್’ನಲ್ಲೂ ನಡೆಯುತ್ತದೆ. ಒಮ್ಮೆ ಏರಿ ಒಮ್ಮೆ ಇಳಿದರೆ ಒಂದು ಸೈಕಲ್. ಎಂಜಿನ್ ಒಳಗಿನ ತಿರುಗುವ ಡಿಸ್ಕ್‌ಗಳು ಪ್ರತಿ ಸಲ ಪೂರ್ತಿ ಶಕ್ತಿಗೆ ಏರಿ ತಣ್ಣಗಾಗುವಾಗ ದಣಿಯುತ್ತವೆ, ಆದ್ದರಿಂದ ಅವುಗಳ ಆಯುಷ್ಯವನ್ನು ಸೈಕಲ್‌ಗಳಲ್ಲಿ ಬರೆದಿರುತ್ತಾರೆ. ಅಷ್ಟು ಮುಗಿದ ಮೇಲೆ ನೋಡಲು ಎಷ್ಟೇ ಚೆನ್ನಾಗಿದ್ದರೂ ಬಿಚ್ಚಿ ಎಸೆಯಬೇಕು.

ಈಗ ಹೋಲಿಸಿ. ಎರಡೂವರೆ ಗಂಟೆಯ ಮಾರ್ಗದಲ್ಲಿ 240 ಗಂಟೆ ಹಾರಿದರೆ 96 ಸೈಕಲ್. ಹುಬ್ಬಳ್ಳಿ–ಬೆಂಗಳೂರಿನಂಥ ಒಂದು ಗಂಟೆಯ ಮಾರ್ಗದಲ್ಲಿ ಅದೇ 240 ಗಂಟೆಗೆ 240 ಸೈಕಲ್. ಅಷ್ಟೇ ಗಂಟೆಗೆ ಎರಡೂವರೆ ಪಟ್ಟು ಸವೆತ. ಟಯರ್, ಬ್ರೇಕ್‌ಗಳದೂ ಇದೇ ಪಾಡು. ಆದ್ದರಿಂದ ದೂರದ ಚಾರ್ಟರ್ ಒಂದು ಸಿಕ್ಕರೆ ಕಂಪನಿಗೆ ಎರಡು ಬಗೆಯ ಲಾಭ: ಗಂಟೆಗೆ ಹೆಚ್ಚು ಹಣ, ಗಂಟೆಗೆ ಕಡಿಮೆ ಸವೆತ.

ಒಪ್ಪಂದ ಮುಗಿದು ವಿಮಾನ ಹಿಂದಿರುಗಿಸುವಾಗ ಎಡವುವವರು ಬಹಳ. ಬಣ್ಣ, ಆಸನ, ಎಂಜಿನ್‌ನಲ್ಲಿ ಉಳಿದ ಆಯುಷ್ಯ ಎಲ್ಲವೂ ಒಪ್ಪಂದದಲ್ಲಿ ಬರೆದ ಮಟ್ಟಕ್ಕೆ ಇರಬೇಕು. ಅದಕ್ಕಿಂತ ಕಠಿಣ ಕಾಗದಪತ್ರ. ಆಯುಷ್ಯ ನಿಗದಿಯಾದ ಪ್ರತಿ ಬಿಡಿಭಾಗಕ್ಕೂ ತಯಾರಾದ ದಿನದಿಂದ ಇಂದಿನವರೆಗಿನ ದಾಖಲೆ ಬೇಕು. ಒಂದು ಹಾಳೆ ತಪ್ಪಿದರೂ ಆ ಭಾಗ ಬಳಕೆಗೆ ಬಾರದು. ಭಾಗ ಹೊಸದಾಗಿ ತರಬೇಕು, ಅದು ಬರುವವರೆಗೆ ಬಾಡಿಗೆಯೂ ಓಡುತ್ತಿರುತ್ತದೆ.

ಸಹಾಯಧನದ ಮೂರು ವರ್ಷ

ಹುಬ್ಬಳ್ಳಿಗೆ ವಿಮಾನಗಳ ಸುರಿಮಳೆ ಶುರುವಾದದ್ದು 2018ರಲ್ಲಿ, ಸಣ್ಣ ಊರುಗಳ ವಿಮಾನ ಸೇವೆಗೆ ಸಹಾಯಧನ ಕೊಡುವ ಉಡಾನ್ ಯೋಜನೆಯಿಂದ. ಸ್ಪೈಸ್‌ಜೆಟ್ ಬೆಳಗಾವಿ ಬಿಟ್ಟು ಹುಬ್ಬಳ್ಳಿಗೆ ಬಂದದ್ದೂ ಆಗಲೇ. ಆಮೇಲೆ ಬೆಳಗಾವಿಯೂ ಉಡಾನ್ ಪಟ್ಟಿ ಸೇರಿ ಅಲ್ಲಿನ ಹಾರಾಟಗಳು ಚೇತರಿಸಿಕೊಂಡವು. ಎರಡು ಊರಿನವರೂ ಅದನ್ನು ಪೈಪೋಟಿ ಎಂದುಕೊಂಡರು, ಆದರೆ ವಿಮಾನಗಳು ಹಿಂಬಾಲಿಸಿದ್ದು ಸಹಾಯಧನವನ್ನು. ಸ್ಟಾರ್ ಏರ್ 2019ರ ಜನವರಿಯಲ್ಲಿ ಮೊದಲ ಹಾರಾಟ ನಡೆಸಿದ್ದು ಬೆಂಗಳೂರು–ಹುಬ್ಬಳ್ಳಿ ನಡುವೆ, 50 ಆಸನದ ಎಂಬ್ರಾಯರ್ 145 ವಿಮಾನದಲ್ಲಿ.

ಉಡಾನ್‌ನಲ್ಲಿ ಅರ್ಧದಷ್ಟು ಆಸನಗಳನ್ನು ಮಿತಿ ಹಾಕಿದ ದರಕ್ಕೆ ಮಾರಬೇಕು; ನಷ್ಟದ ಅಂತರವನ್ನು ಸರ್ಕಾರ ತುಂಬಿಕೊಡುತ್ತದೆ. ಹೆಚ್ಚಿನ ರಾಜ್ಯಗಳಲ್ಲಿ ಅದರ ಶೇ 80 ಕೇಂದ್ರದ್ದು, ಶೇ 20 ರಾಜ್ಯದ್ದು. ಇದು ಮೂರು ವರ್ಷ ಮಾತ್ರ. ಆಮೇಲೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ನಿಂತದ್ದು ಕಡಿಮೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2023ರ ವರದಿಯಲ್ಲಿ ಕೊಟ್ಟ ಲೆಕ್ಕ ನೋಡಿ: ಉಡಾನ್ ಮೂರನೇ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಅದರಾಚೆಗೂ 2023ರ ಮಾರ್ಚ್‌ವರೆಗೆ ಉಳಿದಿದ್ದು 54.

ಸಹಾಯಧನ ಮುಗಿದ ದಿನ ಕಂಪನಿಯ ಕೈಯಲ್ಲಿ ವಿಮಾನ ಇನ್ನೂ ಇರುತ್ತದೆ, ಅದರ ಲೀಸ್ ಅವಧಿ ಮುಗಿದಿರುವುದಿಲ್ಲ. ಚಾರ್ಟರ್, ವೆಟ್ ಲೀಸ್ ಪ್ರಚಾರಕ್ಕೆ ಬಲ ಬರುವುದು ಇಂಥ ಹೊತ್ತಿನಲ್ಲಿ. ಇತ್ತ ಹುಬ್ಬಳ್ಳಿ–ಬೆಂಗಳೂರು ಪ್ರಯಾಣಿಕರಿಗೆ 2023ರ ಜೂನ್‌ನಿಂದ ಧಾರವಾಡದ ವಂದೇ ಭಾರತ್ ರೈಲೂ ಸಿಕ್ಕಿದೆ. ದೇವನಹಳ್ಳಿಯಿಂದ ಊರೊಳಗೆ ಬರುವ ಹೊತ್ತನ್ನೂ ಸೇರಿಸಿದರೆ ವಿಮಾನ ಉಳಿಸುವ ಸಮಯ ನಾವು ಅಂದುಕೊಂಡಷ್ಟಿಲ್ಲ.

ಚಾರ್ಟರ್ ಬಿಲ್ಲು ಬಿಚ್ಚಿ ನೋಡಿದರೆ

ಧಾರವಾಡದ ಒಂದು ಕಾರ್ಖಾನೆಯ ಎಂಟು ಜನ ಬೆಳಿಗ್ಗೆ ಹುಬ್ಬಳ್ಳಿಯಿಂದ ಹೈದರಾಬಾದ್‌ಗೆ ಹೋಗಿ ಸಂಜೆ ಮರಳಬೇಕು ಎನ್ನೋಣ. ವಿಮಾನ ಬೆಂಗಳೂರಿನಲ್ಲಿದೆ. ಅದು ಮೊದಲು ಖಾಲಿಯಾಗಿ ಹುಬ್ಬಳ್ಳಿಗೆ ಬರಬೇಕು, ರಾತ್ರಿ ಖಾಲಿಯಾಗಿ ಹಿಂತಿರುಗಬೇಕು. ಜನ ಕೂತದ್ದು 2 ಗಂಟೆ 20 ನಿಮಿಷ, ಬಿಲ್ಲಾಗುವುದು 4 ಗಂಟೆ 20 ನಿಮಿಷ. ಗಂಟೆಗೆ 1.5 ಲಕ್ಷ ಎಂದು ಇಟ್ಟುಕೊಂಡರೆ 6.5 ಲಕ್ಷ. ಅದಕ್ಕೆ ಶೇ 18 ಜಿಎಸ್‌ಟಿ ಸೇರಿ 7.67 ಲಕ್ಷ. ತಲೆಗೆ ಸುಮಾರು 96,000. ಇಳಿಯುವ ಶುಲ್ಕ, ನಿಲುಗಡೆ, ನೆಲದ ಸೇವೆ ಬೇರೆ. ಪೈಲಟ್‌ಗಳ ಕರ್ತವ್ಯದ ಅವಧಿ ಮುಗಿದು ರಾತ್ರಿ ಉಳಿಯಬೇಕಾಗಿ ಬಂದರೆ ಅವರ ವಸತಿ ಮತ್ತು ಮರುದಿನದ ಕನಿಷ್ಠ ಗಂಟೆಗಳ ಬಾಡಿಗೆಯೂ ಸೇರುತ್ತದೆ. ‘ಸಭೆ ಸ್ವಲ್ಪ ತಡವಾಯಿತು’ ಎಂಬ ಒಂದು ಫೋನ್ ಕರೆಯ ಬೆಲೆ ಇಷ್ಟು.

ಬುಕಿಂಗ್ ನಡೆಯುವ ರೀತಿಯೂ ಗೊತ್ತಿರಬೇಕು. ಜನರ ಸಂಖ್ಯೆಯ ಜತೆ ಸಾಮಾನಿನ ತೂಕ ಮೊದಲೇ ಹೇಳಬೇಕು, ಸಣ್ಣ ವಿಮಾನದಲ್ಲಿ ಆಸನ ಇದ್ದರೂ ತೂಕ ಮೀರಿದರೆ ಇಂಧನ ಕಡಿಮೆ ಮಾಡಬೇಕಾಗುತ್ತದೆ, ನಡುವೆ ಇಳಿಯಬೇಕಾಗುತ್ತದೆ. ಎರಡೂ ನಿಲ್ದಾಣ ಆ ಹೊತ್ತಿಗೆ ತೆರೆದಿವೆಯೇ, ನಿಲ್ಲಿಸಲು ಜಾಗ ಇದೆಯೇ ಎಂದು ಕಂಪನಿ ವಿಚಾರಿಸುತ್ತದೆ. ಹಾರುವ ಮುನ್ನ ವಾಯು ರಕ್ಷಣಾ ಅನುಮತಿಯ ಎಡಿಸಿ ನಂಬರ್ ಮತ್ತು ಹಾರಾಟ ಮಾಹಿತಿ ಕೇಂದ್ರದ ಎಫ್‌ಐಸಿ ನಂಬರ್ ಸಿಗಬೇಕು. ಪ್ರಯಾಣಿಕರ ಪಟ್ಟಿ ಮತ್ತು ಗುರುತಿನ ಚೀಟಿ ಭದ್ರತೆಯವರಿಗೆ ಹೋಗಬೇಕು.

ಗಿರಾಕಿ ಕೇಳಲೇಬೇಕಾದ ಒಂದು ಪ್ರಶ್ನೆ: ಈ ವಿಮಾನದ ವಿಟಿ ನಂಬರ್ ನಿಮ್ಮ ಪರವಾನಗಿಯಲ್ಲಿ ನಮೂದಾಗಿದೆಯೇ? ಖಾಸಗಿ ಬಳಕೆಗೆಂದು ನೋಂದಾಯಿಸಿದ ವಿಮಾನವನ್ನು ಬಾಡಿಗೆಗೆ ಓಡಿಸುವಂತಿಲ್ಲ. ವೈಟ್ ಬೋರ್ಡ್ ಕಾರನ್ನು ಟ್ಯಾಕ್ಸಿ ಮಾಡಿದಂತೆ ಅದೂ ನಡೆಯುತ್ತದೆ, ದರ ಅಗ್ಗವಾಗಿಯೇ ಇರುತ್ತದೆ. ಅವಘಡವಾದರೆ ವಿಮೆ ಕೈಕೊಡುತ್ತದೆ.

ಬಿಡಿ ವಿಮಾನ ಎಲ್ಲಿ?

ಪ್ರಯಾಣಿಕರ ಮತ್ತು ಇಲ್ಲಿನ ವ್ಯಾಪಾರಸ್ಥರ ವಾದ ಸರಳ: ತೆರಿಗೆ ಹಣದ ಸಹಾಯಧನ ಪಡೆದು ಬೆಳೆದ ಕಂಪನಿ ಮೊದಲು ವೇಳಾಪಟ್ಟಿ ಪಾಲಿಸಲಿ. ಕಂಪನಿಗಳ ವಾದ: ಚಾರ್ಟರ್ ಹಣ ಇಲ್ಲದಿದ್ದರೆ ವೇಳಾಪಟ್ಟಿಯೇ ಇರುವುದಿಲ್ಲ. ಲೀಸ್ ಕಂಪನಿಗಳಿಗೆ ಎರಡೂ ಒಂದೇ, ಬಾಡಿಗೆ ತಾರೀಖಿಗೆ ಬಂದರಾಯಿತು.

ಎರಡು ವಾದಗಳೂ ಅರ್ಧ ಸರಿ. ನಿರ್ಣಾಯಕ ಸಂಗತಿ ಬಿಡಿ ವಿಮಾನದ್ದು, ಅಂದರೆ ತುರ್ತಿಗೆಂದು ಇಟ್ಟುಕೊಳ್ಳುವ ಹೆಚ್ಚುವರಿ ವಿಮಾನದ್ದು. ಐದು ವಿಮಾನ ಇರುವ ಕಂಪನಿ ನಾಲ್ಕನ್ನು ವೇಳಾಪಟ್ಟಿಗೆ ಹಾಕಿ ಒಂದನ್ನು ಬಿಡಿಯಾಗಿ ಇಟ್ಟುಕೊಂಡರೆ, ಬೆಳಗಿನ ಹಾರಾಟದಲ್ಲಿ ಟಯರ್ ಹೋದರೂ ಅದನ್ನು ಎಳೆದು ತಂದು ದಿನ ದಾಟಿಸಬಹುದು. ಆ ಐದನೆಯದನ್ನು ಮೂರು ದಿನದ ಚಾರ್ಟರ್‌ಗೆ ಕಳಿಸಿದರೆ ಲೆಕ್ಕದ ಪುಸ್ತಕದಲ್ಲಿ ಲಾಭ ಕಾಣುತ್ತದೆ. ಮಾರನೆಯ ದಿನ ಬೆಳಿಗ್ಗೆ ಉಳಿದ ನಾಲ್ಕರಲ್ಲಿ ಒಂದರ ಹೈಡ್ರಾಲಿಕ್ ಸೋರಿದರೆ ಪೆಟ್ಟು ಬೀಳುವುದು ಒಂದು ಹಾರಾಟಕ್ಕಲ್ಲ. ಅದೇ ವಿಮಾನ ಬೆಂಗಳೂರು–ಹುಬ್ಬಳ್ಳಿ–ಬೆಂಗಳೂರು–ಬೀದರ್–ಬೆಂಗಳೂರು ಎಂದು ದಿನವಿಡೀ ಸರಪಳಿಯಾಗಿ ಓಡುವಂಥದ್ದು. ಮೊದಲ ಕೊಂಡಿ ಕಳಚಿದರೆ ನಾಲ್ಕೂ ಹೋದವು. ಸಮಾವೇಶಕ್ಕೆ ಬಸ್ಸುಗಳು ಹೋದ ದಿನ ಶಿರಹಟ್ಟಿ, ಸವಣೂರಿನ ಹಳ್ಳಿ ಟ್ರಿಪ್‌ಗಳಿಗೆ ಏನಾಗುತ್ತದೆಂದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಿಮಾನ ತಂದರಾಗದೇ? ವಿಮಾನದ ಜತೆ ಐದಾರು ಜೋಡಿ ಪೈಲಟ್‌ಗಳು ಬೇಕು. ಎಂಬ್ರಾಯರ್ ಹಾರಿಸುವವರು ಆ ಮಾದರಿಯ ತರಬೇತಿ ಮತ್ತು ಪರವಾನಗಿ ಇಲ್ಲದೆ ಎಟಿಆರ್ ಹಾರಿಸುವಂತಿಲ್ಲ. ಎರಡು ಮಾದರಿ ಇಟ್ಟುಕೊಂಡ ಸಣ್ಣ ಕಂಪನಿಯಲ್ಲಿ ಒಂದು ಕಡೆ ಪೈಲಟ್‌ಗಳು ಖಾಲಿ ಕೂತು, ಇನ್ನೊಂದು ಕಡೆ ವಿಮಾನ ಖಾಲಿ ನಿಂತಿರುವುದು ಹೊಸದೇನಲ್ಲ. ವೇಳಾಪಟ್ಟಿಯ ವಿಮಾನಕ್ಕೆ ಪೈಲಟ್ ಇಲ್ಲ, ಚಾರ್ಟರ್ ವಿಮಾನಕ್ಕೆ ಇದ್ದಾರೆ ಎಂಬ ವಿಚಿತ್ರಕ್ಕೂ ಇದೇ ಕಾರಣ ಇರಬಹುದು.

ಬಾಡಿಗೆ ತಪ್ಪಿದರೆ

ಗೋ ಫಸ್ಟ್ ಎಂಬ ವಿಮಾನಯಾನ ಕಂಪನಿ 2023ರ ಮೇ 2ರಂದು ದಿವಾಳಿ ಅರ್ಜಿ ಹಾಕಿದಾಗ ನ್ಯಾಯಮಂಡಳಿ ಅದರ ಆಸ್ತಿಗಳ ಮೇಲೆ ತಡೆ ವಿಧಿಸಿತು. ವಿಮಾನಗಳು ಲೀಸ್ ಕಂಪನಿಗಳದ್ದಾದರೂ ಒಯ್ಯುವಂತಿರಲಿಲ್ಲ. ದೆಹಲಿ ಹೈಕೋರ್ಟ್ 54 ವಿಮಾನಗಳ ನೋಂದಣಿ ರದ್ದು ಮಾಡುವಂತೆ ಡಿಜಿಸಿಎಗೆ ಹೇಳಿದ್ದು 2024ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಒಂದು ವರ್ಷ ನಿಂತಲ್ಲೇ ನಿಂತ ವಿಮಾನಗಳಿಂದ ಭಾಗಗಳು ಕಾಣೆಯಾದ ದೂರುಗಳೂ ಕೋರ್ಟ್ ಮೆಟ್ಟಿಲೇರಿದ್ದವು. ಅದಕ್ಕೂ ಮೊದಲು, 2012ರಲ್ಲಿ ಕಿಂಗ್‌ಫಿಷರ್ ನಿಂತಾಗಲೂ ಲೀಸ್ ಕಂಪನಿಗಳು ಹೀಗೇ ಅಲೆದಿದ್ದವು. ಪರಿಣಾಮ ಬಿದ್ದದ್ದು ಉಳಿದ ಕಂಪನಿಗಳ ಮೇಲೆ: ಭಾರತಕ್ಕೆ ಕೊಟ್ಟ ವಿಮಾನ ಮರಳುವ ಭರವಸೆ ಇಲ್ಲ ಎಂದಾದರೆ ಬಾಡಿಗೆಯೂ ಠೇವಣಿಯೂ ಏರುತ್ತವೆ. ಸಣ್ಣ ಕಂಪನಿಗೆ ಮೊದಲು ಏರುತ್ತವೆ.

ಲೀಸ್ ಕೊಟ್ಟವರ ಹಕ್ಕು ಕಾಯುವ 2001ರ ಅಂತರರಾಷ್ಟ್ರೀಯ ಕೇಪ್‌ಟೌನ್ ಒಪ್ಪಂದವನ್ನು ಭಾರತ 2008ರಲ್ಲಿ ಒಪ್ಪಿದ್ದರೂ ಅದಕ್ಕೆ ಕಾನೂನಿನ ಬಲ ಬಂದದ್ದು 2025ರಲ್ಲಿ, ಸಂಸತ್ತು ವಿಮಾನ ವಸ್ತುಗಳ ಹಿತಾಸಕ್ತಿ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದಾಗ. ಕಂಪನಿ ದಿವಾಳಿಯಾದರೆ ಎರಡು ತಿಂಗಳೊಳಗೆ ಬಾಕಿ ತೀರಿಸಬೇಕು, ಇಲ್ಲವೇ ವಿಮಾನ ಬಿಟ್ಟುಕೊಡಬೇಕು ಎಂಬುದು ಇದರ ತಿರುಳು. ಲೀಸ್ ಪಡೆಯುವಾಗಲೇ ಕಂಪನಿ ‘ನೋಂದಣಿ ರದ್ದು ಮಾಡಿ ವಿಮಾನ ಹೊರಗೊಯ್ಯಲು ನನ್ನ ಒಪ್ಪಿಗೆ ಇದೆ’ ಎಂಬ ಹಿಂತೆಗೆಯಲಾಗದ ಪತ್ರಕ್ಕೆ ಸಹಿ ಹಾಕಿರುತ್ತದೆ. ಬಾಡಿಗೆ ಕಟ್ಟದಾಗ ಲೀಸ್ ಕಂಪನಿ ಅದನ್ನು ಡಿಜಿಸಿಎ ಮುಂದಿಡುತ್ತದೆ.

ಇದು ಹುಬ್ಬಳ್ಳಿಯಂಥ ಊರಿಗೆ ಎರಡು ರೀತಿಯಲ್ಲಿ ತಟ್ಟುತ್ತದೆ. ಲೀಸ್ ಕೊಡುವವರ ಭಯ ಕಡಿಮೆಯಾಗಿ ಸಣ್ಣ ಕಂಪನಿಗೂ ವಿಮಾನ ಸುಲಭವಾಗಿ ಸಿಗಬಹುದು. ಆದರೆ ಮೊದಲು ವರ್ಷಗಟ್ಟಲೆ ತೂಗಾಡಿಕೊಂಡಿರುತ್ತಿದ್ದ ದುರ್ಬಲ ಕಂಪನಿ ಇನ್ನು ಮುಂದೆ ಬೇಗ ಕೈಖಾಲಿ ಮಾಡಿಕೊಳ್ಳುತ್ತದೆ, ಅದರ ಮಾರ್ಗಗಳೂ ಅಷ್ಟೇ ಬೇಗ ನಿಲ್ಲುತ್ತವೆ. ಆ ಒತ್ತಡದಲ್ಲಿ ತಾರೀಖಿಗೆ ಬಾಡಿಗೆ ಹೊಂದಿಸಲು ಚಾರ್ಟರ್ ಹಣದ ಮೇಲಿನ ಅವಲಂಬನೆ ಹೆಚ್ಚುವುದು ಖಂಡಿತ.

ಪ್ರಯಾಣಿಕರ ಕೈಯಲ್ಲಿರುವುದು

ಹಾರಾಟ ರದ್ದಾದರೆ ಪರ್ಯಾಯ ವಿಮಾನ ಅಥವಾ ಪೂರ್ತಿ ಹಣ ವಾಪಸ್ ಕೇಳುವುದು ಹಕ್ಕು. ನಿಯಮದಂತೆ ಮುಂಚಿತವಾಗಿ ತಿಳಿಸದಿದ್ದರೆ ಪರಿಹಾರವೂ ಇದೆ: ಒಂದು ಗಂಟೆವರೆಗಿನ ಹಾರಾಟಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯದಕ್ಕೆ 7,500, ಅದಕ್ಕಿಂತ ಉದ್ದದ್ದಕ್ಕೆ 10,000, ಇಲ್ಲವೇ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಯಾವುದು ಕಡಿಮೆಯೋ ಅದು. ಹವಾಮಾನ, ವಾಯು ಸಂಚಾರ ನಿಯಂತ್ರಣ, ಭದ್ರತೆಯಂಥ ಕಂಪನಿಯ ಕೈಮೀರಿದ ಕಾರಣಗಳಿಗೆ ವಿನಾಯಿತಿ ಇದೆ. ವಿಮಾನವನ್ನು ಬೇರೆ ಗಿರಾಕಿಗೆ ಕಳಿಸಿದ್ದು ಕೈಮೀರಿದ ಕಾರಣವಲ್ಲ. ಕೌಂಟರ್‌ನಲ್ಲಿ ‘ಆಪರೇಷನಲ್ ರೀಸನ್’ ಎಂದರೆ ಅದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು, ದೂರು ಕೊಡುವಾಗ ಆ ಒಂದು ಸಾಲು ಕೆಲಸಕ್ಕೆ ಬರುತ್ತದೆ.

ಇನ್ನು ಕಂಪನಿಯ ಒಲವು ಎತ್ತ ಎಂದು ಮೊದಲೇ ತಿಳಿಯಲು ಚಳಿಗಾಲದ ವೇಳಾಪಟ್ಟಿ ಶುರುವಾಗುವ ಅಕ್ಟೋಬರ್ ಕೊನೆಯ ಭಾನುವಾರ, ಬೇಸಿಗೆಯದು ಶುರುವಾಗುವ ಮಾರ್ಚ್ ಕೊನೆಯ ಭಾನುವಾರ, ಈ ಎರಡು ದಿನಾಂಕಗಳ ಸುತ್ತ ಬುಕಿಂಗ್ ತೆರೆದು ನೋಡಿ. ವಾರಕ್ಕೆ ಏಳು ದಿನ ಇದ್ದ ಹಾರಾಟ ನಾಲ್ಕಕ್ಕೆ ಇಳಿದು, ಕೈಬಿಟ್ಟ ಮೂರು ದಿನಗಳು ಮದುವೆ ಮುಹೂರ್ತಗಳ ಅಕ್ಕಪಕ್ಕವೇ ಇದ್ದರೆ, ಆ ವಿಮಾನಕ್ಕೆ ಬೇರೆ ಕೆಲಸ ಸಿಕ್ಕಿರುವ ಸಾಧ್ಯತೆ ಹೆಚ್ಚು.